ಏನೂ ಮಾಡದ ಒಂದು ಸಾಲು

ಗುರುವಾರ ಬೆಳಿಗ್ಗೆ ನಾನು ಕಾರ್ಖಾನೆಯ ಸ್ಟ್ಯಾಂಡಿನಲ್ಲಿ ಸೈಕಲ್ಲಿಗೆ ಬೀಗ ಹಾಕುತ್ತಿದ್ದಾಗ ಫರ್ನೇಸ್ ಆಪರೇಟರು ಗೇಟು ದಾಟಿ ಆಚೆ ಹೋಗುತ್ತಿದ್ದರು. ಹಗಲು ಪಾಳಿ ಶುರುವಾಗುವ ಹೊತ್ತು, ಒಳಗೆ ಬರಬೇಕಾದವರು ಹೊರಗೆ ಹೊರಟಿದ್ದಾರೆ. ಕೈಯಲ್ಲಿದ್ದ ಊಟದ ಕ್ಯಾರಿಯರ್ ಭಾರವಾಗಿಯೇ ಇತ್ತು. ನನ್ನನ್ನು ನೋಡಿ ನಿಂತರು, ಏನೋ ಹೇಳಲು ಬಾಯಿ ತೆರೆದರು, ವಾಚ್‌ಮನ್ ನೋಡುತ್ತಿದ್ದಾನೆಂದು ಗೊತ್ತಾಗಿ ಹಾಗೇ ಬಸ್ ಸ್ಟಾಪಿನ ಕಡೆ ನಡೆದರು.

ಅವರನ್ನು ಸಸ್ಪೆಂಡ್ ಮಾಡಿದ್ದಾರೆಂದು ನನಗೆ ತಿಳಿದದ್ದು ವರ್ಕ್ಸ್ ಮ್ಯಾನೇಜರ್ ಕರೆಸಿದ ಮೇಲೆ. ಮ್ಯಾನೇಜರ ಮೇಜಿನ ಮೇಲೆ ಅರ್ಧಕ್ಕೆ ಸೀಳಿದ ಗೇರುಗಳಿದ್ದವು. ಪಕ್ಕದಲ್ಲಿ ನನ್ನ ಪ್ರೋಗ್ರಾಂ ಅಚ್ಚು ಹಾಕಿದ ಕಾಗದ, ಅಂಚಿನ ತೂತುಪಟ್ಟಿಯನ್ನೂ ಹರಿಯದೆ ಮಡಿಸಿಟ್ಟಿದ್ದರು. ಮ್ಯಾನೇಜರು ಕೊಯಮತ್ತೂರಿನ ಕಡೆಯವರು. ಹೊಸೂರಿಗೆ ಬಂದ ಮೇಲೆ ಕಲಿತ ಕನ್ನಡವನ್ನು ತಮಿಳಿನಲ್ಲಿ ಅದ್ದಿ ಮಾತಾಡುತ್ತಿದ್ದರು.

"ಲಾರಿ ಕಂಪನಿಯವ್ರು ಮತ್ತೆ ಗೇರ್ ವಾಪಸ್ ಕಳ್ಸಿದಾರೆ. ಮೆತ್ತಗಿದೆಯಾಂ. ಒಲೆ ಬಿಸಿ ಸರಿಯಿದೆ, ಸ್ಟೀಲ್ ಸರಿಯಿದೆ, ಎರಡೂ ನೋಡಿಸಿದ್ದಾಯ್ತು. ನಿನ್ನ ಪೇಪರಲ್ಲಿ ಟೈಮೂ ಸರಿಯಿದೆ. ಹಾಗಾದ್ರೆ ಈ ಆಪರೇಟರ್ ಒಲೆಯಿಂದ ಗೇರ್ ಬುಟ್ಟಿ ಮೊದಲೇ ತೆಗೆದು, ನಿನ್ನ ಕಂಪ್ಯೂಟರ್ ಬೀಪ್ ಅಂದಾಗ ಬಂದು ಕೀ ಒತ್ತುತಾನೆ. ಅವ್ಳೋದಾನ್, ಅಷ್ಟೇ. ಸೋಮವಾರ ಒಂಬತ್ತಕ್ಕೆ ವಿಚಾರಣೆ. ಪ್ರೋಗ್ರಾಂ ಕರೆಕ್ಟ್ ಅಂತ ನೀನು ಸೈನ್ ಮಾಡಿ ಕೊಡು, ಮಿಕ್ಕಿದ್ದು ನಾನು ನೋಡ್ಕೋತೀನಿ."

"ನೋಡದೆ ಹೇಗೆ ಸೈನ್ ಮಾಡ್ಲಿ ಸಾರ್?"

"ನೀನೇ ಬರೆದಿರೋದು. ನಿನಗೇ ನಂಬಿಕೆ ಇಲ್ವಾ?"

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಆದರೆ ಆವತ್ತು ಕೋಪಕ್ಕಿಂತ ಹೆದರಿಕೆಯಾಯಿತು. ಪ್ರೋಗ್ರಾಂ ಸರಿ ಎಂದು ನಾನು ಸಹಿ ಮಾಡಿದರೆ ಆಪರೇಟರು ಸುಳ್ಳುಗಾರರಾಗಿ ಮನೆಗೆ ಹೋಗುತ್ತಾರೆ. ತಪ್ಪು ಎಂದರೆ ಎಲ್ಲಿ ತಪ್ಪು ಎಂದು ಸೋಮವಾರದೊಳಗೆ ತೋರಿಸಬೇಕು. ಸಾಲದ್ದಕ್ಕೆ ಅವರು ನಮ್ಮ ಅಮ್ಮನ ಊರಿನವರು, ಡೆಂಕಣಿಕೋಟೆ ಪಕ್ಕದ ಹಳ್ಳಿ. ರಕ್ತಸಂಬಂಧವೇನೂ ಇರಲಿಲ್ಲ. ಆದರೂ ಊರಿನ ವರಸೆಯಲ್ಲಿ ಚಿಕ್ಕಂದಿನಿಂದ ಅವರನ್ನು ಮಾವ ಎಂದೇ ಕರೆದು ಅಭ್ಯಾಸ. ಕಾರ್ಖಾನೆಯಲ್ಲಿ ಮಾತ್ರ ನಾವಿಬ್ಬರೂ ಅದನ್ನು ಗೇಟಿನ ಹೊರಗೇ ಬಿಟ್ಟು ಬರುತ್ತಿದ್ದೆವು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಕಾರ್ಖಾನೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್, ಅದಕ್ಕೆ ಪ್ರೋಗ್ರಾಂ ಬರೆಯುವವಳು ನಾನೊಬ್ಬಳೇ. ಫರ್ನೇಸಿನ ಪಕ್ಕದ ಗಾಜಿನ ಕೋಣೆಯಲ್ಲಿ ಹಸಿರು ಅಕ್ಷರದ ಪರದೆ, ಎರಡು ಫ್ಲಾಪಿ ಡ್ರೈವು, ಕಿರುಗುಟ್ಟುವ ಪ್ರಿಂಟರು. ಫರ್ನೇಸ್ ಎಂದರೆ ನೆಲದಲ್ಲಿ ಇಳಿಬಿಟ್ಟ ಬಾವಿಯಂಥ ಒಲೆ. ಗೇರು ತುಂಬಿದ ಕಬ್ಬಿಣದ ಬುಟ್ಟಿಯನ್ನು ಕ್ರೇನಿನಲ್ಲಿ ಕೆಂಪಗೆ ಉರಿಯುವ ಆ ಬಾವಿಗೆ ಇಳಿಸಿ, ಮೇಲೆ ಮುಚ್ಚಳ ಹಾಕಿ, ಎರಡೂವರೆ ಗಂಟೆ ಬಿಟ್ಟು ಎತ್ತಿ ಎಣ್ಣೆಗೆ ಅದ್ದಬೇಕು. ಆಗ ಗೇರಿನ ಹೊರಮೈ ಗಟ್ಟಿಯಾಗುತ್ತದೆ. ಬೇಗ ತೆಗೆದರೆ ಗಟ್ಟಿ ಪದರ ತೆಳ್ಳಗಾಗಿ, ಸರಿಯಾಗಿ ಬೇಯದ ಮುದ್ದೆಯ ಹಾಗೆ ಉಪಯೋಗಕ್ಕೆ ಬಾರದ್ದಾಗುತ್ತದೆ.

ನನ್ನ ಪ್ರೋಗ್ರಾಂ ಮಾಡುತ್ತಿದ್ದದ್ದು ಇಷ್ಟೇ. ಆಪರೇಟರು ಬುಟ್ಟಿಯ ನಂಬರು ಹಾಕಿ ಒಂದು ಕೀ ಒತ್ತಬೇಕು. ಅಲ್ಲಿಂದ ಲೆಕ್ಕ ಶುರು. ಹೊತ್ತಾದ ಕೂಡಲೇ ಬೀಪ್. ಬುಟ್ಟಿ ಎತ್ತಿದ ಮೇಲೆ ಮತ್ತೊಂದು ಕೀ. ಎರಡೂ ಸಮಯ ಕಾಗದಕ್ಕೆ ಇಳಿದು, ಆ ಕಾಗದ ಗೇರಿನ ಜೊತೆಗೇ ಲಾರಿ ಕಂಪನಿಗೆ ಹೋಗುತ್ತಿತ್ತು. ಮ್ಯಾನೇಜರು ಎಲ್ಲರನ್ನೂ ನಿಲ್ಲಿಸಿ ಹೇಳಿದ್ದರು: ಇನ್ನು ಮೇಲೆ ಗೋಡೆ ಗಡಿಯಾರ ನೋಡಬೇಡಿ, ನಿಮ್ಮ ಅಂದಾಜು ಬೇಡ, ಕೆಲಸ ಶುರುವಾಗೋದು ಕೀಯಿಂದ, ಮುಗಿಯೋದು ಬೀಪಿನಿಂದ.

ಕಂಪ್ಯೂಟರ್ ಬಂದದ್ದು ಒಂದು ಶುಕ್ರವಾರ. ಪ್ರಿಂಟರು ತರುತ್ತಿದ್ದ ವ್ಯಾನು ಅತ್ತಿಬೆಲೆ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಕೊಂಡಿತ್ತು. ಎಲ್ಲ ಜೋಡಿಸಿದ ಮೇಲೆ ಸ್ವಿಚ್ ಹಾಕೋಣ ಎಂದು ನಾನು ಅಂದರೆ ಮ್ಯಾನೇಜರು ವಾಚು ನೋಡಿಕೊಂಡು ಚಡಪಡಿಸಿದರು. "ಪ್ರಿಂಟರ್ ಆಮೇಲೆ ಬರ್ಲಿ. ಹತ್ತೂವರೆ ಆಗೋಕೆ ಮುಂಚೆ ನೀನು ಸ್ವಿಚ್ ಹಾಕ್ಬಿಡಮ್ಮ, ಪೋದುಂ, ಸಾಕು." ಪರದೆಗೆ ಕುಂಕುಮವಿಟ್ಟು ಕರ್ಪೂರ ಬೆಳಗಿ ಸ್ವಿಚ್ ಹಾಕಿಸಿದರು. ಹಸಿರು ಗೆರೆ ಮಿನುಗಿತು, ಎಲ್ಲರೂ ಕೈಮುಗಿದರು, ಕೂಡಲೇ ಆರಿಸಿದೆವು. ನಿಜವಾದ ಕೆಲಸ ಶುರುವಾದದ್ದು ಮಧ್ಯಾಹ್ನ. ಬಿ.ಎಸ್ಸಿ. ಗಣಿತ ಓದಿದ್ದ ನಾನು ಹಲ್ಲು ಕಚ್ಚಿ ನಗು ತಡೆದುಕೊಂಡಿದ್ದೆ. ಆಪರೇಟರು ಮಾತ್ರ ಬಹಳ ಭಕ್ತಿಯಿಂದ ನೋಡುತ್ತಿದ್ದರು.

ಇಷ್ಟಾಗಿಯೂ ಆರಂಭದಲ್ಲಿ ಆ ಮಿಷನ್ನಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ಗೊಣಗಿದವರು ಅವರೇ. ಅದಕ್ಕೆ ಕಾರಣವೂ ಇತ್ತು. ಮೊದಲ ವಾರ ನನ್ನ ಪ್ರೋಗ್ರಾಂ ದಿನಾ ಬೆಳಿಗ್ಗೆ ಒಂಬತ್ತು ದಾಟುತ್ತಿದ್ದಂತೆ ಸತ್ತು ಬೀಳುತ್ತಿತ್ತು. ಬೇಸಿಕ್ ಭಾಷೆಯಲ್ಲಿ ಟೈಮರ್ ಎಂದರೆ ಮಧ್ಯರಾತ್ರಿಯಿಂದ ಕಳೆದ ಸೆಕೆಂಡುಗಳ ಸಂಖ್ಯೆ. ಅದನ್ನು ನಾನು ಸಣ್ಣ ಪೂರ್ಣಾಂಕಗಳಿಗೆ ಮಾತ್ರ ಸಾಲುವ ಜಾಗದಲ್ಲಿ ಇಟ್ಟಿದ್ದೆ. ಒಂಬತ್ತು ಗಂಟೆ ದಾಟಿದರೆ ಸಂಖ್ಯೆ ಆ ಜಾಗಕ್ಕೆ ಹಿಡಿಸದೆ ಪ್ರೋಗ್ರಾಂ ನಿಂತುಹೋಗುತ್ತಿತ್ತು. ಜಾಗವನ್ನು ದೊಡ್ಡದು ಮಾಡಿ ಸರಿಪಡಿಸಿದೆ. ಆದರೆ ಆ ವಾರ ಅವರು ಗೊಣಗಿದ ಮಾತು ಮ್ಯಾನೇಜರ ಕಿವಿಯಲ್ಲಿ ಉಳಿದುಕೊಂಡಿತ್ತು. ಈಗ ಅದೇ ಅವರಿಗೆ ಮುಳುವಾಗಿ, ಕಂಪ್ಯೂಟರ್ ಕಂಡರಾಗದವನು ಬೇಕೆಂದೇ ಕೆಡಿಸಿದ್ದಾನೆ ಎಂಬ ಮಾತು ಹುಟ್ಟಿತ್ತು.

ಗುರುವಾರ ಇಡೀ ದಿನ ಗಾಜಿನ ಕೋಣೆಯಲ್ಲಿ ಕುಳಿತೆ. ಮೊದಲ ಗುಮಾನಿ ಮಧ್ಯರಾತ್ರಿಯದು. ಟೈಮರ್ ಹನ್ನೆರಡಕ್ಕೆ ಸೊನ್ನೆಗೆ ಬೀಳುತ್ತದೆ. ರಾತ್ರಿ ಹನ್ನೊಂದಕ್ಕೆ ಇಳಿಸಿದ ಬುಟ್ಟಿಯನ್ನು ಒಂದೂವರೆಗೆ ತೆಗೆದರೆ, ಕಳೆಯುವ ಲೆಕ್ಕ ಮೈನಸ್ ಆಗುತ್ತದೆ. ಅದಕ್ಕೆ ಒಂದು ದಿನದ ಸೆಕೆಂಡುಗಳನ್ನು ಕೂಡಿಸುವ ಸಾಲು ಬರೆದಿದ್ದೆ, ಆದರೆ ಅದು ಎಲ್ಲ ಸಂದರ್ಭದಲ್ಲೂ ಕೆಲಸ ಮಾಡುತ್ತದೆಯೇ? ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಕಂಪ್ಯೂಟರಿನ ಗಡಿಯಾರವನ್ನು ಮಧ್ಯರಾತ್ರಿಗೆ ಎರಡು ನಿಮಿಷ ಮುಂಚಿಗೆ ತಿರುಗಿಸಿ, ಖಾಲಿ ಬುಟ್ಟಿಯ ನಂಬರು ಕೊಟ್ಟು ಕಾದೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಪರದೆಯಲ್ಲಿ ದಿನ ಬದಲಾಯಿತು. ಲೆಕ್ಕ ತಪ್ಪಲಿಲ್ಲ. ತಪ್ಪಿದ್ದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಕೆಟ್ಟ ಬುಟ್ಟಿಗಳೆಲ್ಲ ಹಗಲಿನವು, ಆಪರೇಟರ ಪಾಳಿಯವು. ರಾತ್ರಿ ಪಾಳಿಯ ಹುಡುಗನದ್ದು ಒಂದೂ ಕೆಟ್ಟಿರಲಿಲ್ಲ. ಅದು ಇನ್ನೂ ಕಷ್ಟಕ್ಕಿಟ್ಟುಕೊಂಡಿತು.

ಎರಡನೆಯ ಗುಮಾನಿ ಕರೆಂಟಿನದು. ಆಗಿನ ಕಂಪ್ಯೂಟರಿಗೆ ಸ್ವಂತ ಗಡಿಯಾರದ ಜ್ಞಾಪಕ ಇರಲಿಲ್ಲ. ಕರೆಂಟು ಹೋಗಿ ಬಂದರೆ ಯಾರಾದರೂ ತಾರೀಖು, ಸಮಯ ಎರಡನ್ನೂ ಕೈಯಿಂದ ಹಾಕಬೇಕು. ಹಾಕುವವರ ವಾಚು ಹಿಂದುಮುಂದಾಗಿದ್ದರೆ? ಎಲೆಕ್ಟ್ರಿಷಿಯನ್ನರನ್ನು ಹಿಡಿದು ಕರೆಂಟು ಹೋದ ದಿನಗಳನ್ನು ಕೇಳಿದೆ. ಅವು ಕೆಟ್ಟ ಬುಟ್ಟಿಗಳ ದಿನಕ್ಕೆ ಹೊಂದಲಿಲ್ಲ. ಮೂರನೆಯದು, ಹಿಂದಿನ ಬುಟ್ಟಿಯ ಸಮಯ ಅಳಿಸದೆ ಉಳಿದು ಮುಂದಿನದಕ್ಕೆ ಅಂಟಿಕೊಳ್ಳುವ ಸಾಧ್ಯತೆ. ಪ್ರೋಗ್ರಾಂ ಬರೆಯುವವರೆಲ್ಲ ಒಂದಲ್ಲ ಒಂದು ದಿನ ಇದರಲ್ಲಿ ಬೀಳುತ್ತಾರೆ. ಒಂದರ ಹಿಂದೆ ಒಂದು ಸುಳ್ಳು ಬುಟ್ಟಿ ಕೊಟ್ಟು ನೋಡಿದೆ. ಅಲ್ಲೂ ಸರಿಯಿತ್ತು.

ಶುಕ್ರವಾರ ಕೆಟ್ಟ ಬುಟ್ಟಿಗಳನ್ನೆಲ್ಲ ವಾರದ ಪ್ರಕಾರ ಜೋಡಿಸಿದೆ. ಆಗ ತಲೆ ಇನ್ನೂ ಕೆಟ್ಟಿತು. ಶುಕ್ರವಾರದವೆಲ್ಲ ಹತ್ತರ ಸುಮಾರಿಗೆ ಶುರುವಾದವು. ಶನಿವಾರದವು ಒಂಬತ್ತಕ್ಕೆ ಮುಂಚಿನವು. ಬುಧವಾರದವು ಊಟದ ಗಂಟೆಗೆ ಸ್ವಲ್ಪ ಹಿಂದಿನವು. ಸೋಮವಾರ ಒಂದೂ ಇಲ್ಲ. ನನ್ನ ಪ್ರೋಗ್ರಾಮಿಗೆ ತಾರೀಖು ಗೊತ್ತು, ಗಂಟೆ ಗೊತ್ತು, ವಾರ ಗೊತ್ತಿಲ್ಲ. ಶುಕ್ರವಾರ ಎಂಬ ಪದವೇ ಅದರೊಳಗೆ ಎಲ್ಲೂ ಇಲ್ಲ. ಗೊತ್ತಿಲ್ಲದ ವಾರವನ್ನು ನೋಡಿಕೊಂಡು ಅದು ಹೇಗೆ ತಪ್ಪುತ್ತದೆ? ವೋಲ್ಟೇಜ್ ಇಳಿಯುತ್ತದೆಯೇ, ಕ್ರೇನು ಬೇರೆ ಕಡೆ ಹೋಗುತ್ತದೆಯೇ ಎಂದೆಲ್ಲ ಕೇಳಿ ಎಲ್ಲರ ತಲೆ ತಿಂದೆ.

ರಾತ್ರಿ ಪಾಳಿಯ ಹುಡುಗನೇ ಆ ದಿನಗಳಲ್ಲಿ ಹಗಲೂ ಬರುತ್ತಿದ್ದ. ಮದುವೆಯಾಗಿ ಒಂದು ಮಗುವಿನ ತಂದೆಯಾದರೂ ಎಲ್ಲರಿಗೂ ಹುಡುಗನೇ. ಅವನನ್ನೂ ಕೇಳಿದೆ.

"ಅವ್ರು ಬೇಗ ತೆಗಿಯೋರಲ್ಲಕ್ಕ," ಎಂದ. "ಬೀಪ್ ಅಂದ್ರೆ ಬಾಯಿಗಿಟ್ಟ ತುತ್ತು ಬುಟ್ಟು ಎದ್ದೋಗೋರು. ನಂಗೂ ಅಂಗೇ ಹೇಳವ್ರೆ, ಅದು ಕೂಗಿದ್ಮೇಲೆ ಒಂದ್ ಗಳಿಗೆ ನಿಲ್ಬ್ಯಾಡ ಕಣ್ಲಾ ಅಂತ."

ಶನಿವಾರ ಸಂಜೆ ಮ್ಯಾನೇಜರು ಟೈಪು ಮಾಡಿಸಿದ ಕಾಗದವನ್ನು ನನ್ನ ಮುಂದೆ ತಳ್ಳಿದರು. ಸಹಿಯ ಜಾಗ ಮಾತ್ರ ಖಾಲಿಯಿತ್ತು. ನಾನು ಪೆನ್ನು ತೆಗೆಯಲಿಲ್ಲ.

"ಮೂರು ದಿನ ಹುಡುಕಿದ್ಯಲ್ಲ, ತಪ್ಪು ಸಿಕ್ತಾ?"

"ಇಲ್ಲ ಸಾರ್."

"ಹಾಗಾದ್ರೆ ಸರಿಯಿದೆ ಅಂತಾನೇ ಅರ್ಥ."

"ಸಿಕ್ಕಿಲ್ಲ ಅಂದ್ರೆ ಇಲ್ಲ ಅಂತಲ್ಲ ಸಾರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವನು ನಿಮ್ಮಮ್ಮನ ಊರೋನಂತೆ? ಯಾರೋ ಹೇಳಿದ್ರು. ಪರವಾಗಿಲ್ಲ. ಆದ್ರೆ ಸೋಮವಾರ ಸರಿ ಅಂತೀಯೋ ತಪ್ಪು ಅಂತೀಯೋ, ಎರಡರಲ್ಲಿ ಒಂದು ಹೇಳ್ಬೇಕು. ತಪ್ಪು ಅಂದ್ರೆ ಇಷ್ಟು ದಿನ ತಪ್ಪು ಪೇಪರ್ ಕಳ್ಸಿದ್ದು ಯಾರು ಅಂತ ಲಾರಿ ಕಂಪನಿ ಕೇಳುತ್ತೆ. ನಿನ್ನ ಹೆಸರು ಹೇಳ್ಬೇಕಾಗುತ್ತೆ."

ಆ ಸಂಜೆ ಅವಲಪಲ್ಲಿಯ ನಮ್ಮ ಮನೆಗೆ ಸೈಕಲ್ ತುಳಿಯುವಾಗ ನನಗೆ ಅಳು ಬಂದಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಅತ್ತ ದರಿ, ಇತ್ತ ಪುಲಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನನಗೇ ಸರಿಯಾಗಿ ಹೊಂದುತ್ತದೆಯೇನೋ ಎಂದು ಒಂದು ಕಡೆ ಅನುಮಾನ. ಇನ್ನೊಂದು ಕಡೆ, ಮಾವ ನಿಜವಾಗಿಯೂ ಮೊದಲೇ ತೆಗೆದಿದ್ದರೆ ಎಂಬ ಅನುಮಾನ. ಅವರನ್ನೇ ಕೇಳದೆ ದಾರಿಯಿಲ್ಲ ಎಂದು ಮಾರನೆಯ ದಿನ ಡೆಂಕಣಿಕೋಟೆ ಬಸ್ಸು ಹತ್ತಿದೆ.

ಬಸ್ಸಿಳಿದು ರಾಗಿ ಹೊಲಗಳ ನಡುವೆ ನಡೆದು ಅವರ ಮನೆ ಮುಟ್ಟಿದಾಗ ಬಾಗಿಲಲ್ಲಿ ಅತ್ತೆ, ಎಂದರೆ ಅವರ ಹೆಂಡತಿ, ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಎದ್ದರು, ಆದರೆ ಎಂದಿನಂತೆ ನಗಲಿಲ್ಲ. ಮಾವ ರಾತ್ರಿಯೆಲ್ಲ ಹೊಲದ ಅಟ್ಟಣೆಯಲ್ಲಿ ಆನೆ ಬರದಂತೆ ಕಾದು ಬಂದು ಮಲಗಿದ್ದವರು ಎದ್ದು ಬಂದರು. ಕಣ್ಣು ಕೆಂಪಾಗಿತ್ತು.

"ಬಾ," ಎಂದರು. ಕೂತ ಮೇಲೆ ನಾನು ಕೇಳುವ ಮೊದಲೇ ಶುರು ಮಾಡಿದರು. "ನಿನ್ ಮಿಷನ್ನು ಕೂಗ್ದಾಗ್ಲೇ ತೆಗ್ದಿದ್ದೀನಿ ಕಣಮ್ಮ. ಒಂದ್ ಗಳಿಗೆ ಮುಂಚೆ ಇಲ್ಲ, ಒಂದ್ ಗಳಿಗೆ ಹಿಂದೆ ಇಲ್ಲ. ಬೇಕಾದ್ರೆ ಮಾರಮ್ಮನ್ ಗುಡೀಲಿ ದೀಪ ಆರ್ಸಿ ಆಣೆ ಮಾಡ್ತೀನಿ."

"ಆಣೆ ಬೇಡ ಮಾವ. ಏನೇನ್ ಮಾಡ್ತಿದ್ರಿ, ಮೊದ್ಲಿಂದ ಹೇಳಿ."

ಅವರು ಹೇಳಿದರು. ಬುಟ್ಟಿ ಜೋಡಿಸುವುದು, ತೊಳೆಯುವುದು, ಕ್ರೇನು, ಮುಚ್ಚಳ, ಬೀಪು, ಎಣ್ಣೆ. ಎಲ್ಲ ನನಗೆ ಗೊತ್ತಿದ್ದದ್ದೇ. ಹೊಸದೊಂದೂ ಸಿಗಲಿಲ್ಲ. ಅತ್ತೆ ಟೀ ತಂದಿಟ್ಟು, "ಕೆಲ್ಸ ಹೋಯ್ತದಾ?" ಎಂದು ನನ್ನನ್ನೇ ಕೇಳಿದರು. ಟೀ ಕುಡಿದು ಹೊರಡಲು ಎದ್ದೆ.

ಹೊಸಲು ದಾಟಿದಾಗ ಎದುರು ಮನೆಯ ಜಗಲಿಯ ಮೇಲೆ ಮಾವ ಕೆಲಸಕ್ಕೆ ತರುವ ರೆಕ್ಸಿನ್ ಚೀಲ ಕಂಡಿತು. ಜಿಪ್ಪಿನ ಸಂದಿಯಿಂದ ಅವರ ಖಾಕಿ ಅಂಗಿಯ ತೋಳು ಇಣುಕುತ್ತಿತ್ತು.

"ಮಾವ, ನಿಮ್ ಚೀಲ ಅಲ್ಲೇ ಮರ್ತಿದ್ದೀರಿ."

"ಮರ್ತಿಲ್ಲ ಕಣಮ್ಮ," ಎಂದರು ಅತ್ತೆ. "ನಾಳೆ ಸೋಮ್ವಾರ ಅಲ್ವಾ, ಏಳೂವರೆಗೆಲ್ಲ ರಾಹುಕಾಲ ಬಂದ್ಬುಡ್ತದೆ, ಒಂಬತ್ತರಗಂಟ ಬುಡಕಿಲ್ಲ. ಇವ್ರು ಎಂಟ್ರ ಬಸ್ಗೆ ಹೊಂಡ್ಬೇಕು. ಅದ್ಕೇ ಇವತ್ತು ಒಳ್ಳೆ ಹೊತ್ನಾಗೇ ಪರಸ್ತಾನ ಇಟ್ಬುಟ್ವಿ. ಚೀಲ ಹೊಂಟ್ರೆ ಆಳು ಹೊಂಟಂಗೇ ಅಲ್ವಾ?"

ನಮ್ಮ ಮನೆಯಲ್ಲೂ ಇದ್ದದ್ದೇ. ಕೆಟ್ಟ ಹೊತ್ತಿನಲ್ಲಿ ಪ್ರಯಾಣ ಬಿದ್ದರೆ ಒಂದು ಚೀಲವನ್ನೋ ಪಂಚೆಯನ್ನೋ ಮೊದಲೇ ಬೇರೆ ಮನೆಯಲ್ಲಿ ಇಟ್ಟುಬಿಡುವುದು. ಪ್ರಯಾಣ ಆಗಲೇ ಶುರುವಾಯಿತೆಂದು ಲೆಕ್ಕ. ಮನುಷ್ಯ ಆಮೇಲೆ ತನಗೆ ಬೇಕಾದಾಗ ಹೋಗಬಹುದು. ನಾನು ಆ ಚೀಲವನ್ನು ನೋಡುತ್ತಾ ನಿಂತೆ. ಶುಕ್ರವಾರ ಹತ್ತೂವರೆ. ಶನಿವಾರ ಒಂಬತ್ತು. ಬುಧವಾರ ಹನ್ನೆರಡು. ಸೋಮವಾರದ್ದು ಒಲೆ ಬಿಸಿಯೇರುವ ಹೊತ್ತಿಗೆ ಮುಗಿದೇ ಹೋಗಿರುತ್ತದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ಕಾಣುವ ರಾಹುಕಾಲದ ಗಂಟೆಗಳು, ಮೂರು ದಿನ ನನ್ನ ಕಣ್ಣೆದುರೇ ಇದ್ದವು.

"ಮಾವ," ಎಂದೆ. "ಬುಟ್ಟಿ ಇಳ್ಸೋಕೆ ಮುಂಚೇನೇ ಕೀ ಒತ್ತುತಿದ್ರಾ?"

"ರಾಹುಕಾಲ ಬರೋ ಹಂಗಿದ್ರೆ ಒತ್ತಿಡ್ತಿದ್ದೆ. ಯಾಕೆ?" ಅವರ ಮುಖದಲ್ಲಿ ಅಳುಕಿರಲಿಲ್ಲ. "ಬುಟ್ಟಿ ಜೋಡ್ಸಿ, ತೊಳ್ದು, ಕ್ರೇನು ಸಿಕ್ಕೋ ಹೊತ್ಗೆ ಹನ್ನೊಂದಾಗೋಯ್ತದೆ. ರಾಹುಕಾಲ ಮುಗಿಯೋಗಂಟ ಒಲೆ ಖಾಲಿ ಬುಡೋಕಾಯ್ತದಾ? ಮೊದ್ಲು ಒಂದು ಗೇರ್ ತಗಂ‌ಡು ಮುಚ್ಳದ್ ಮೇಲೆ ಇಡ್ತಿದ್ದೆ, ಕೆಲ್ಸ ಶುರು ಆದಂಗೆ. ಆಮ್ಯಾಕೆ ನೀವೆಲ್ಲ ಬಂದು ಇನ್ಮೇಲೆ ಕೆಲ್ಸ ಶುರುವಾಗೋದು ಈ ಕೀಯಿಂದ ಅಂದ್ರಿ. ಸರಿ, ಗೇರ್ ಬುಟ್ಟು ಕೀ ಒತ್ದೆ."

"ಬುಟ್ಟಿ ಇಳಿದ್ಮೇಲೆ ಇನ್ನೊಂದ್ಸಲ ಒತ್ಬಾರ್ದಾ?"

"ಅದೆಲ್ಲಿ ಬುಡ್ತದೆ? ಒಂದ್ಸಲ ಒತ್ತಿದ್ರೆ ಮುಗೀತು."

ನಿಜ. ಯಾರೂ ಮಧ್ಯದಲ್ಲಿ ಒತ್ತಿ ಸಮಯ ತಿದ್ದಬಾರದೆಂದು ಆ ಬೀಗವನ್ನು ಜಂಬದಿಂದ ಹಾಕಿದ್ದವಳು ನಾನೇ.

"ಹೊತ್ತು ಕಮ್ಮಿ ಬೀಳ್ತದೆ ಅಂತ ಅನ್ನಿಸ್ಲಿಲ್ವಾ ಮಾವ?"

"ಅಷ್ಟು ದೊಡ್ಡ ಮಿಷನ್ನು. ಬುಟ್ಟಿ ಇಳೀತೋ ಇಲ್ವೋ ಅಂತ ಅದ್ಕೆ ಗೊತ್ತಾಗಕಿಲ್ವಾ?"

ಸಿಟ್ಟು ನೆತ್ತಿಗೇರಿತು. ಇಷ್ಟು ದಿನದ ಹೆದರಿಕೆಯೆಲ್ಲ ಸಿಟ್ಟಾಗಿ ಹೊರಬಂತು. ರಾಹುಕಾಲವಂತೆ, ಪರಸ್ತಾನವಂತೆ, ಕಬ್ಬಿಣಕ್ಕೂ ಗ್ರಹಚಾರವಾ ಎಂದು ಹಿರಿಯರೆನ್ನದೆ ಬೈದೆ. ಮಾವ ನೆಲ ನೋಡಿದರು. ಆಗಲೇ ಅವರಿಗೆ ಅರ್ಥವಾದದ್ದು, ಕೆಟ್ಟ ಗೇರುಗಳೆಲ್ಲ ತಮ್ಮ ಕೈಯಿಂದಲೇ ಕೆಟ್ಟವೆಂದು. ಅತ್ತೆ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ಹೇಳಿದರು: "ಬಯ್ಯಮ್ಮ, ಎಷ್ಟು ಬೇಕೋ ಅಷ್ಟು ಬಯ್ಯಿ. ಆದ್ರೆ ಕೆಲ್ಸ ಉಳ್ಸು."

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಲೆಕ್ಕ ಹಾಕಿದೆ. ದೋಷ ಸಿಕ್ಕಿತ್ತು, ಆದರೆ ಸಿಕ್ಕಿದ ದೋಷ ಮಾವನನ್ನು ಉಳಿಸುವಂಥದ್ದಲ್ಲ. ಬುಟ್ಟಿ ಇಳಿಸದೆ ಕೀ ಒತ್ತಿದ್ದಾರೆ ಎಂದು ನಾನು ಬಾಯಿಬಿಟ್ಟರೆ ಸುಳ್ಳು ದಾಖಲೆ ಎಂದು ಹೊರಗೆ ಹಾಕುತ್ತಾರೆ. ಬಾಯಿ ಮುಚ್ಚಿಕೊಂಡು ಪ್ರೋಗ್ರಾಮಿನದೇ ತಪ್ಪು ಎಂದರೆ, ಯಾವ ಸಾಲಿನಲ್ಲಿ ತೋರಿಸು ಎನ್ನುತ್ತಾರೆ. ತೋರಿಸಲು ಅಂಥ ಸಾಲು ಇರಲಿಲ್ಲ. ಪ್ರತಿ ಸಾಲೂ ಹೇಳಿದ್ದನ್ನು ಹೇಳಿದಂತೆ ಮಾಡುತ್ತಿತ್ತು. ಇರಬೇಕಾದ ಒಂದು ಸಾಲು ಇರಲಿಲ್ಲ, ಅಷ್ಟೇ. ಬುಟ್ಟಿ ಇಳಿಯಿತೇ ಎಂದು ಅದು ಒಲೆಯನ್ನು ಕೇಳುತ್ತಿರಲಿಲ್ಲ, ಮನುಷ್ಯನ ಬೆರಳನ್ನು ಕೇಳುತ್ತಿತ್ತು. ಹೊಸೂರು ಬರುವ ಹೊತ್ತಿಗೆ ತೀರ್ಮಾನ ಮಾಡಿದ್ದೆ: ಸಹಿ ಹಾಕುವುದಿಲ್ಲ, ಏನನ್ನೂ ಮುಚ್ಚಿಡುವುದೂ ಇಲ್ಲ. ಹೇಳುವುದನ್ನೆಲ್ಲ ಮಾವನ ಎದುರಿಗೇ ಹೇಳುತ್ತೇನೆ.

ಸೋಮವಾರ ಎಂಟಕ್ಕೇ ಹೋಗಿ ಗಾಜಿನ ಕೋಣೆಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿಕೊಂಡೆ. ಎರಡೂವರೆ ಗಂಟೆಯ ಜಾಗದಲ್ಲಿ ಒಂದು ನಿಮಿಷ ಇಟ್ಟೆ. ಒಂಬತ್ತಕ್ಕೆ ಮ್ಯಾನೇಜರ ಕೋಣೆಯಲ್ಲಿ ವಿಚಾರಣೆ ಶುರುವಾಯಿತು. ಬರೆದುಕೊಳ್ಳಲು ಪರ್ಸನೆಲ್ ಆಫೀಸರು. ಮಾವ ಚೀಲವನ್ನು ಬಾಗಿಲ ಹೊರಗಿಟ್ಟು ಒಳಬಂದು ನಿಂತರು.

"ಪ್ರೋಗ್ರಾಂ ಸರಿಯಾ, ತಪ್ಪಾ?" ಎಂದರು ಮ್ಯಾನೇಜರು.

"ಒಂದ್ ನಿಮಿಷ ಕೆಳಗೆ ಬನ್ನಿ ಸಾರ್. ನೀವೇ ನೋಡಿ."

ನಾಲ್ವರೂ ಗಾಜಿನ ಕೋಣೆಗೆ ಬಂದೆವು. ಒಲೆಯ ಮುಚ್ಚಳ ತೆರೆದಿತ್ತು, ಬುಟ್ಟಿ ಇರಲಿಲ್ಲ, ಕ್ರೇನು ಶೆಡ್ಡಿನ ಆ ತುದಿಯಲ್ಲಿತ್ತು. ಮ್ಯಾನೇಜರ ಕೈಯಿಂದಲೇ ಒಂದು ನಂಬರು ಹಾಕಿಸಿ ಕೀ ಒತ್ತಿಸಿದೆ. ಒಂದು ನಿಮಿಷ ಕಾದೆವು. ಬೀಪ್ ಬಂತು. ಮಾವ ಅಭ್ಯಾಸ ಬಲದಿಂದ ಒಂದು ಹೆಜ್ಜೆ ಒಲೆಯ ಕಡೆ ಇಟ್ಟು, ನಿಂತರು. ಎರಡನೆಯ ಕೀ ಒತ್ತಿಸಿದೆ. ಪ್ರಿಂಟರು ಕಿರುಗುಟ್ಟಿ ಕಾಗದ ಹೊರಹಾಕಿತು. ಇಲ್ಲದ ಬುಟ್ಟಿ, ಇಲ್ಲದ ಗೇರು, ಪೂರ್ತಿ ಹೊತ್ತು ಒಲೆಯಲ್ಲಿತ್ತು ಎಂದು ಅದರಲ್ಲಿ ಬರೆದಿತ್ತು.

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ಇದು ಸಾರ್," ಎಂದೆ. "ಎಣಿಸೋದನ್ನ ಸರಿಯಾಗೇ ಎಣಿಸುತ್ತೆ. ಆದ್ರೆ ಇದು ಎಣಿಸ್ತಿರೋದು ಒಲೆಯ ಹೊತ್ತಲ್ಲ, ಕೀ ಒತ್ತಿದ ಹೊತ್ತು. ಈ ಪೇಪರಲ್ಲಿ ಬುಟ್ಟಿ ಯಾವಾಗ ಇಳೀತು ಅನ್ನೋದು ಇಲ್ವೇ ಇಲ್ಲ. ಇದನ್ನ ನಂಬಿ ಯಾರನ್ನೂ ಕೆಲಸದಿಂದ ತೆಗಿಯೋಕಾಗಲ್ಲ. ಸಮಯ ಕಮ್ಮಿ ಬಿದ್ದದ್ದು ಕೊನೇಲಲ್ಲ, ಶುರುವಿನಲ್ಲಿ."

ಮ್ಯಾನೇಜರು ನಿಧಾನವಾಗಿ ಮಾವನ ಕಡೆ ತಿರುಗಿದರು. "ಅಪ್ಪಡಿಯಾ? ಹಾಗಾದ್ರೆ ಬುಟ್ಟಿ ಇಳಿಸದೆ ಮೊದಲೇ ಕೀ ಒತ್ತಿದೀಯ?"

ಮಾವ ಇಲ್ಲ ಎಂದುಬಿಟ್ಟರೆ ನಾನು ಸುಳ್ಳಾಗುತ್ತೇನೆ, ಹೌದು ಎಂದರೆ ಅವರು ಮುಗಿಯುತ್ತಾರೆ.

"ಒತ್ತಿದ್ದು ನಿಜ ಸಾರ್," ಎಂದರು ಮಾವ. "ರಾಹುಕಾಲಕ್ಕೆ ಮುಂಚೆ ಒತ್ತಿಡ್ತಿದ್ದೆ. ಗೇರ್ ಕೆಡ್ತದೆ ಅಂತ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಒತ್ತಿರ್ತಿರ್ಲಿಲ್ಲ."

ಪರ್ಸನೆಲ್ ಆಫೀಸರ ಪೆನ್ನು ನಿಂತಿತು. ಇದನ್ನು ಹೇಗೆ ಬರೆಯುವುದೆಂದು ಅವರಿಗೆ ತೋಚಿದಂತಿರಲಿಲ್ಲ. ಮ್ಯಾನೇಜರ ಮುಖ ಬಿಗಿಯಿತು.

"ಇದು ಫ್ಯಾಕ್ಟರಿಯಾ, ಕೋವಿಲಾ? ಗುಡೀನಾ ಇದು? ಲಾರಿ ಕಂಪನಿಗೆ ರಾಹುಕಾಲ ಅಂತ ಬರೆದು ಕಳಿಸ್ಲಾ ನಾನು?"

ಆ ಮಾತನ್ನು ನಾನು ಹಿಂದಿನ ದಿನವೇ ಮಾವನಿಗೆ ಅಂದಿದ್ದೆ, ಹೆಚ್ಚುಕಡಿಮೆ ಅದೇ ಧಾಟಿಯಲ್ಲಿ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಸಹಿಸಲಾಗಲಿಲ್ಲ. ಪರದೆಯ ಮೂಲೆಯಲ್ಲಿ ಆ ಮೊದಲ ಶುಕ್ರವಾರದ ಕುಂಕುಮ ಒಣಗಿ ಇನ್ನೂ ಅಂಟಿಕೊಂಡಿತ್ತು. ಅದನ್ನು ನೋಡುತ್ತಾ ಕೇಳಿಬಿಟ್ಟೆ.

"ಸಾರ್, ನಮ್ಮ ಆಫೀಸು ಶುರುವಾಗೋದು ಎಂಟಕ್ಕೆ. ವಿಚಾರಣೆ ಯಾಕೆ ಒಂಬತ್ತಕ್ಕೆ ಇಟ್ರಿ?"

ಕೇಳಿದ ಮೇಲೆ ನನ್ನ ಕೆಲಸವೂ ಹೋಯಿತೆಂದೇ ಅಂದುಕೊಂಡೆ. ಮ್ಯಾನೇಜರು ನನ್ನನ್ನು ನೋಡಲಿಲ್ಲ, ಮಾವನನ್ನೂ ನೋಡಲಿಲ್ಲ. ಗಾಜಿನಾಚೆ ತೆರೆದ ಒಲೆಯ ಕಡೆ ತಿರುಗಿದರು. ಪರ್ಸನೆಲ್ ಆಫೀಸರು ಕೆಮ್ಮಿದರು. ಕೊನೆಗೆ ಮ್ಯಾನೇಜರು ತಮಗೇ ಹೇಳಿಕೊಳ್ಳುವವರಂತೆ ಕೇಳಿದರು:

"ಮುಚ್ಚಳಕ್ಕೆ ಒಂದು ಸ್ವಿಚ್ ಹಾಕಿ, ಅದರಿಂದ ಲೆಕ್ಕ ಶುರು ಮಾಡೋಕಾಗುತ್ತಾ?"

"ಆಗುತ್ತೆ ಸಾರ್."

"ಮಾಡು. ಆ ಕೀ ತೆಗೆದುಹಾಕು. ಯಾರ ಕೈಲೂ ಶುರು ಮಾಡೋ ಕೀ ಇರ್ಬಾರ್ದು." ಆಮೇಲೆ ಮಾವನಿಗೆ, "ನೀನು ನಾಳೆಯಿಂದ ಡ್ಯೂಟಿಗೆ ಬಾ" ಎಂದು ಹೇಳಿ ಹೊರಟುಹೋದರು. ಸಂಜೆ ಮಾವನಿಗೆ ಒಂದು ಎಚ್ಚರಿಕೆಯ ಪತ್ರ ಬಂತು, ನನಗೂ ಒಂದು. ಮಾವ ತಮ್ಮದನ್ನು ನಾಲ್ಕಾಗಿ ಮಡಿಸಿ ಕ್ಯಾರಿಯರಿನ ಕೆಳಗಿಟ್ಟುಕೊಂಡರು. ಗೇಟಿನ ಹೊರಗೆ ನನ್ನ ತಲೆಯ ಮೇಲೆ ಕೈಯಿಟ್ಟು, ಬಸ್ಸು ಹತ್ತಿದರು. ನಾನು ಆ ದಿನ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಎಲೆಕ್ಟ್ರಿಷಿಯನ್ನರು ಮುಚ್ಚಳ ಕೂರುವ ಅಂಚಿನಲ್ಲಿ ಸ್ವಿಚ್ ಕೂರಿಸಿ, ಬಿಸಿಗೆ ಕರಗದ ತಂತಿಯನ್ನು ಪೈಪಿನೊಳಗೆ ಎಳೆದು ಕಂಪ್ಯೂಟರಿನ ಹಿಂಬದಿಗೆ ತಂದುಕೊಟ್ಟರು. ಪ್ರಿಂಟರು ಸಿಕ್ಕಿಸುವ ಎರಡನೆಯ ಜಾಗವೊಂದು ಖಾಲಿಯಿತ್ತು. ಪ್ರಿಂಟರಿನಲ್ಲಿ ಕಾಗದ ಮುಗಿದರೆ ಕಂಪ್ಯೂಟರಿಗೆ ತಿಳಿಸುವ ಒಂದು ಪಿನ್ನು ಅದರಲ್ಲಿರುತ್ತದೆ. ಆ ಪಿನ್ನಿಗೆ ತಂತಿ ಜೋಡಿಸಿದೆವು. ಮುಚ್ಚಳ ಕೂತರೆ ಪ್ರೋಗ್ರಾಂ ಅದನ್ನು ಓದಿ ಲೆಕ್ಕ ಶುರು ಮಾಡಬೇಕು. ಖಾಲಿ ಬುಟ್ಟಿಯಿಟ್ಟು ಪರೀಕ್ಷಿಸಿದ ಮೊದಲ ಸಲ ಮುಚ್ಚಳ ಕೂರುವಾಗ ಅದುರಿ, ಸ್ವಿಚ್ ಹತ್ತಿ ಆರಿ ಹತ್ತಿ, ಒಂದೇ ಬುಟ್ಟಿಗೆ ನಾಲ್ಕೈದು ಆರಂಭಗಳು ದಾಖಲಾದವು. ಸ್ವಲ್ಪ ಹೊತ್ತು ಕಾದು ಮತ್ತೊಮ್ಮೆ ಓದಿ, ಎರಡೂ ಸಲ ಮುಚ್ಚಿದ್ದರೆ ಮಾತ್ರ ಒಪ್ಪಿಕೊಳ್ಳುವಂತೆ ತಿದ್ದಿದೆ.

ಕೊನೆಗೆ ಉಳಿದದ್ದು ಆ ಹಳೆಯ ಕೀ. ಅಳಿಸಲು ಆ ಸಾಲಿನ ಮೇಲೆ ಹೋಗಿ ನಿಂತೆ, ಅಳಿಸಲು ಮನಸ್ಸು ಬರಲಿಲ್ಲ. ಗೇರನ್ನು ಮುಚ್ಚಳದ ಮೇಲಿಡುತ್ತಿದ್ದವರಿಂದ ಗೇರನ್ನು ಬಿಡಿಸಿ ಕೀ ಕೊಟ್ಟೆವು, ಈಗ ಅದನ್ನೂ ಕಿತ್ತುಕೊಂಡರೆ ಅವರು ಇನ್ನೇನನ್ನೋ ಹುಡುಕುತ್ತಾರೆ, ಅದು ನನಗೆ ಗೊತ್ತೇ ಆಗುವುದಿಲ್ಲ. ಕೀ ಇರಲಿ ಎಂದು ಬಿಟ್ಟೆ. ಒತ್ತಿದರೆ ಪರದೆಯಲ್ಲಿ "ಓಕೆ" ಎಂದು ಬರುತ್ತದೆ, ಲೆಕ್ಕ ಮಾತ್ರ ಸೊನ್ನೆಯಲ್ಲೇ ಇರುತ್ತದೆ. ಪಕ್ಕದಲ್ಲಿ ಒಂದು ಟಿಪ್ಪಣಿ ಸೇರಿಸಿದೆ: ಈ ಸಾಲು ಏನೂ ಮಾಡುವುದಿಲ್ಲ, ತೆಗೆಯಬೇಡಿ. ಮ್ಯಾನೇಜರ ಆಜ್ಞೆ ಮೀರಿದ್ದೆ. ಗೊತ್ತಾದರೆ ಎರಡನೆಯ ಎಚ್ಚರಿಕೆ ಪತ್ರ ಖಂಡಿತ.

ಹೊಸ ಪ್ರೋಗ್ರಾಮಿನಲ್ಲಿ ಮೊದಲ ಬುಟ್ಟಿ ಇಳಿಸಿದ್ದು ಮುಂದಿನ ಮಂಗಳವಾರ ಮಧ್ಯಾಹ್ನ. ಲಾರಿ ಕಂಪನಿಗೆ ತುರ್ತಾಗಿ ಕಳಿಸಬೇಕಾದ ಗೇರುಗಳು. ಮ್ಯಾನೇಜರು ತಾವೇ ಬಂದು ಗಾಜಿನ ಕೋಣೆಯಲ್ಲಿ ನಿಂತರು. ಬುಟ್ಟಿ ಇನ್ನೂ ತೊಳೆಯುವ ತೊಟ್ಟಿಯಲ್ಲೇ ಇತ್ತು. ಮಾವ ಕೀಬೋರ್ಡಿನಿಂದ ಮಾರು ದೂರ ಕೈಕಟ್ಟಿ ನಿಂತಿದ್ದರು. ಸಸ್ಪೆಂಡ್ ಆಗಿ ಬಂದ ಮೇಲೆ ಅವರು ಅದನ್ನು ಮುಟ್ಟಿಯೇ ಇರಲಿಲ್ಲ. ಗೋಡೆ ಗಡಿಯಾರದಲ್ಲಿ ಮೂರಕ್ಕೆ ಕೆಲವೇ ನಿಮಿಷ ಬಾಕಿ. ಮಂಗಳವಾರ ಮೂರು ಎಂದರೆ ಏನೆಂದು ಆ ಕೋಣೆಯಲ್ಲಿದ್ದ ಯಾರಿಗೂ ಹೇಳಬೇಕಾಗಿರಲಿಲ್ಲ. ಯಾರೂ ಹೇಳಲೂ ಇಲ್ಲ.

ಮ್ಯಾನೇಜರು ಗಡಿಯಾರ ನೋಡಿದರು. ತೊಟ್ಟಿಯ ಕಡೆ ನೋಡಿದರು. ಮತ್ತೆ ಗಡಿಯಾರ ನೋಡಿದರು.

"ಆ ಕೀ ತೆಗೆದುಬಿಟ್ಯಾಮ್ಮಾ?" ಎಂದು ಮೆಲ್ಲಗೆ ನನ್ನನ್ನು ಕೇಳಿದರು.

ನಾನು ಇದ್ದದ್ದನ್ನೇ ಹೇಳಿದೆ: "ಇಲ್ಲ ಸಾರ್. ಇದೆ. ಒತ್ತಿದ್ರೆ ಏನೂ ಆಗಲ್ಲ."

"ಏನೂ ಆಗ್ಬೇಡ," ಎಂದರು ಅವರು. ಆಮೇಲೆ ಮಾವನ ಕಡೆ ತಿರುಗಿ, "ನೋಡ್ತಾ ನಿಂತಿದೀಯಲ್ಲಯ್ಯಾ. ಬೇಗ ಒತ್ತು, ಮೂರಾಗ್ತಾ ಬಂತು."